ಒದ್ದೆಯಾಗದ ಅಜ್ಜಿ

ಲೆಸ್ಕೊವಾಟ್ಸ್ ಊರಿನ ಬಸ್ಸುಗಳಲ್ಲಿ ವಯಸ್ಸಿಡೀ ಟಿಕೆಟ್ ತಪಾಸಣೆ ಮಾಡಿದ ವಿದೊಸಾವಾಗೆ ಯಾರ ಮುಖವನ್ನೂ ಸುಮ್ಮನೆ ನೋಡಿ ಅಭ್ಯಾಸವೇ ಇರಲಿಲ್ಲ. ಕಿಟಕಿಯಾಚೆ ಅತಿಯಾದ ಆಸಕ್ತಿಯಿಂದ ನೋಡುತ್ತಿರುವವನ ಹತ್ತಿರ ಟಿಕೆಟ್ ಇರುವುದಿಲ್ಲ, ಕೇಳುವ ಮೊದಲೇ ನಗುವವಳ ಕೈಯಲ್ಲಿರುವುದು ನಿನ್ನೆಯ ಟಿಕೆಟ್ ಎಂಬುದು ಅವಳ ಲೆಕ್ಕ. ಆ ಲೆಕ್ಕ ತಪ್ಪುತ್ತಿದ್ದುದೂ ಕಡಿಮೆಯೇ ಅನ್ನಿ. ನಿವೃತ್ತಿಯಾದಾಗ ಬಸ್ಸು ಬಿಟ್ಟಳು, ಅನುಮಾನವನ್ನು ಮಾತ್ರ ಮನೆಗೆ ಕರೆತಂದಳು. ‘ನಾನು ಸತ್ತರೂ ನೀನು ಪೆಟ್ಟಿಗೆ ಮುಚ್ಚಳ ತೆಗೆದು, ಒಳಗಿರೋದು ನಾನೇನಾ ಅಂತ ನೋಡ್ತೀಯ ಕಣೇ’ ಎಂದು ಗಂಡ ಮಿಲಿವೊಯೆ ರೇಗಿಸುತ್ತಿದ್ದ. ಅವನು ಸತ್ತಾಗ ಅವಳು ನಿಜವಾಗಿಯೂ ಇಣುಕಿ ನೋಡಿದಳು. ಬಿಕ್ಕಿ ಬಿಕ್ಕಿ ಅಳುತ್ತಲೇ ನೋಡಿದಳು, ಅದು ಬೇರೆ ಮಾತು.

ಈಗ ಅವಳ ಅನುಮಾನವೆಲ್ಲ ಸೊಸೆ ನೆವೇನಾಳ ಮೇಲೆ. ಕಾರಣ ಮೊಮ್ಮಗ ಲಾಜರನ ಉಚ್ಚೆ.

ನಗಬೇಡಿ. ಗಂಡುಕೂಸು ಯಾರ ಮೈಮೇಲೆ ಉಚ್ಚೆ ಹೊಯ್ಯುತ್ತದೋ ಅವರು ಅದರ ಮದುವೆಯಲ್ಲಿ ಕುಣಿದೇ ಕುಣಿಯುತ್ತಾರೆ ಎಂದು ನಮ್ಮ ಕಡೆಯವರೆಲ್ಲ ನಂಬುತ್ತಾರೆ. ಕುಣಿಯಬೇಕಾದರೆ ಅಲ್ಲಿಯವರೆಗೆ ಬದುಕಿರಬೇಕಲ್ಲ? ಅದಕ್ಕೇ ಇಲ್ಲಿ ಎಂಥ ಇಸ್ತ್ರಿ ಮಾಡಿದ ಅಂಗಿ ಒದ್ದೆಯಾದರೂ ಯಾರೂ ಮುಖ ಸಿಂಡರಿಸುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ. ನಲವತ್ತು ದಿನದ ಬಾಣಂತನ ಮುಗಿದು ಬಾಗಿಲು ತೆರೆದ ದಿನವೇ ಕೆಳಮನೆಯ ರಾದ್ಮಿಲಾ ರೇಷ್ಮೆ ಕುಪ್ಪಸ ತೊಟ್ಟು ಬಂದಳು. ಡೈಪರ್ ಬಿಚ್ಚಿದ ಕೂಸಿನ ಮೇಲೆ ಬಗ್ಗಿ, ‘ಥೂ ಥೂ, ಎಷ್ಟು ಕುರೂಪಿ ಇವನು!’ ಎಂದು ದೃಷ್ಟಿಯಾಗದ ಹಾಗೆ ಬೈಯುವಷ್ಟರಲ್ಲಿ ಲಾಜರ್ ಅವಳ ಕೊರಳಿನವರೆಗೆ ಕಾರಂಜಿ ಹಾರಿಸಿದ. ಆ ಹೆಂಗಸು ಅದೇ ಒದ್ದೆ ಕುಪ್ಪಸದಲ್ಲಿ ಮೂರೂ ಮಹಡಿ ಹತ್ತಿಳಿದು ಸುದ್ದಿ ಹಂಚಿ ಬಂದಳು. ಆಮೇಲೆ ಬಾಯ್ಲರ್ ರಿಪೇರಿಗೆ ಬಂದವನಿಗೂ ತಗುಲಿತು. ಪಾಪ, ಅವನು ಸ್ಪ್ಯಾನರ್ ಹಿಡಿದು ಮಂಚದ ಪಕ್ಕದಿಂದ ದಾಟಿ ಹೋಗುತ್ತಿದ್ದ, ಅಷ್ಟೆ.

ಬಾಯ್ಲರಿನವನು ಕುಣಿಯುತ್ತಾನೆ, ಸ್ವಂತ ಅಜ್ಜಿ ಕುಣಿಯುವುದಿಲ್ಲವೇ?

ವಿದೊಸಾವಾ ಕಣ್ಣಿಟ್ಟು ನೋಡತೊಡಗಿದಳು. ತಾನು ಹತ್ತಿರ ಬಂದರೆ ಸಾಕು, ನೆವೇನಾ ಡೈಪರಿನ ಅಂಟು ಕೀಳುವ ಮೊದಲೇ ಒಂದು ಮಡಿಚಿದ ಬಟ್ಟೆಯನ್ನು ಕೂಸಿನ ಮುಂದೆ ಒತ್ತಿ ಹಿಡಿಯುತ್ತಿದ್ದಳು. ಹಳೆಯದನ್ನು ಎಳೆದು, ಒರೆಸಿ, ಹೊಸದನ್ನು ತೂರಿಸಿ ಮುಗಿಸುವ ತನಕ ಆ ಬಟ್ಟೆ ಕದಲುತ್ತಿರಲಿಲ್ಲ. ಅಜ್ಜಿ ಬದಲಾಯಿಸುತ್ತೇನೆಂದರೆ, ‘ಬೇಡಮ್ಮಾ, ನಿಮ್ಮ ಅಂಗಿ ಹಾಳಾಗುತ್ತೆ’ ಎಂದು ನಗುತ್ತಿದ್ದಳು.

ಕೇಳುವ ಮೊದಲೇ ನಗು! ವಿದೊಸಾವಾಳ ಎದೆ ಧಸಕ್ಕೆಂದಿತು.

ಆ ಎದೆಯೇ ಸರಿಯಿರಲಿಲ್ಲ. ಒಳಗಿನ ಕವಾಟವೊಂದು ಸವೆದಿದೆ, ಮೆಣಸಿನಕಾಯಿ ಸುಗ್ಗಿ ಮುಗಿಯುತ್ತಲೇ ಆಪರೇಷನ್ ಮಾಡಲೇಬೇಕು ಎಂದು ನೀಶ್ ಪಟ್ಟಣದ ಡಾಕ್ಟರು ಹೇಳಿದ್ದರು. ಮಗ ಒಗ್ನೆನ್ ಲಾರಿ ಓಡಿಸಿಕೊಂಡು ಜರ್ಮನಿಯ ಕಡೆ ಹೋದವನು, ಫೋನಿನಲ್ಲಿ ‘ಧೈರ್ಯವಾಗಿರಮ್ಮ’ ಎನ್ನುತ್ತಿದ್ದ. ಅವಳಿಗೆ ಧೈರ್ಯವೆಲ್ಲಿಂದ ಬರಬೇಕು? ಎದೆ ಸೀಳಿಸಿಕೊಳ್ಳುವುದೆಂದರೆ ಅವಳಿಗೆ ಜೀವ ಹೋಗುವಷ್ಟು ಭಯ. ಹೀಗಾಗಿ ಒಳಗೊಳಗೇ ಒಂದು ತೀರ್ಮಾನಕ್ಕೆ ಬಂದಿದ್ದಳು: ಮೊಮ್ಮಗ ಒಂದು ಸಲ ಮೈಮೇಲೆ ಹೊಯ್ದರೆ ಸಾಕು, ಆಪರೇಷನ್ನೂ ಬೇಡ, ನೀಶ್ ಕೂಡ ಬೇಡ. ಹೇಗೂ ಬದುಕುವವಳಿಗೆ ಚಾಕು ಯಾಕೆ? ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

“ನನಗ್ಯಾಕಮ್ಮ ಊರ ಉಸಾಬರಿ,” ಎಂದಳು ರಾದ್ಮಿಲಾ, ಬಾಲ್ಕನಿಯಲ್ಲಿ ಸುಟ್ಟ ಮೆಣಸಿನಕಾಯಿ ಸಿಪ್ಪೆ ಸುಲಿಯುತ್ತ. “ಆದ್ರೆ ನನ್ನ ಮುಂದೆ ಬಟ್ಟೆ ಗಿಟ್ಟೆ ಏನೂ ಹಿಡೀಲಿಲ್ಲ ಅವಳು. ನಿನ್ನ ಮುಂದೆ ಮಾತ್ರ ಯಾಕಂತೆ?”

“ಅವಳಿಗೆ ನನ್ನ ರೂಮಿನ ಮೇಲೆ ಕಣ್ಣಿರಬೇಕು.”

“ಛೆ ಛೆ, ನಾನು ಹಾಗಂದ್ನಾ?” ಎನ್ನುತ್ತ ರಾದ್ಮಿಲಾ ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡಳು. ಬೆಂಕಿ ಹಚ್ಚಿ ಕೈ ಒರೆಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಮರುದಿನ ನೆವೇನಾ ಸುಟ್ಟ ಮೆಣಸಿನಕಾಯಿ ತುಂಬಿಡುವ ಜಾಡಿಗಳಿಗೆ ಮುಚ್ಚಳ ತರಲು ಅಂಗಡಿಗೆ ಹೋದಳು. ಅವಳು ಮೆಟ್ಟಿಲಿಳಿದ ಸದ್ದು ಅಡಗಿದ್ದೇ ತಡ, ವಿದೊಸಾವಾ ಕಿಟಕಿಗಳನ್ನೆಲ್ಲ ಮುಚ್ಚಿದಳು. ಬೆತ್ತಲೆ ಕೂಸಿಗೆ ಥಂಡಿಗಾಳಿ ಹೊಡೆದರೆ ಗತಿಯೇನು? ಮಗುವನ್ನು ಮಂಚದ ಮೇಲೆ ಮಲಗಿಸಿ ಡೈಪರ್ ಬಿಚ್ಚಿ ಪೂರ್ತಿ ಬಗ್ಗಿದಳು.

“ಹೊಯ್ಯೋ ಕುರೂಪಿ. ಅಜ್ಜಿ ಮೇಲೆ ಹೊಯ್ಯೋ.”

ಲಾಜರ್ ಅವಳ ಮುಖ ನೋಡಿ ಬೊಚ್ಚುಬಾಯಲ್ಲಿ ನಕ್ಕ. ಅವಳು ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸಿದಳು. ತಣ್ಣನೆಯ ಬೆರಳಿನಿಂದ ಹೊಟ್ಟೆ ಸವರಿದಳು. ಕೂಸು ಕಾಲು ಝಾಡಿಸಿತು, ಮುಖ ಕೆಂಪಗೆ ಮಾಡಿಕೊಂಡಿತು. ‘ಬಂತು’ ಎಂದುಕೊಂಡಳು. ಬಂದದ್ದೇನೋ ನಿಜ, ಆದರೆ ಅವಳು ಕಾದದ್ದಲ್ಲ. ಹಳದಿ ಬಣ್ಣದ್ದು, ಅರೆದ ಸಾಸಿವೆಯಷ್ಟು ತೆಳ್ಳಗಿನದು ಪಿಚಕ್ಕನೆ ಹಾರಿ ಅವಳ ತೋಳು, ಹೊದಿಕೆ, ಗೋಡೆಯನ್ನೆಲ್ಲ ಮೆತ್ತಿತು. ಕಾಲೆತ್ತಿ ಹಿಡಿಯೋಣವೆಂದರೆ ಹಿಮ್ಮಡಿ ಅದರಲ್ಲೇ ಅದ್ದಿತು. ಆ ಹಿಮ್ಮಡಿಯಿಂದ ಅವನು ಅಜ್ಜಿಯ ಗಲ್ಲಕ್ಕೆ ಒದ್ದ. ಒರೆಸುವ ಬಟ್ಟೆ ಕೈಗೆಟುಕದಷ್ಟು ದೂರದ ಕುರ್ಚಿಯ ಮೇಲಿತ್ತು. ಮಗುವನ್ನು ಬಿಟ್ಟು ಹೋಗುವಂತಿಲ್ಲ, ಎತ್ತಿಕೊಳ್ಳುವಂತೆಯೂ ಇಲ್ಲ. ಕಕ್ಕಸಿಗೆ ಮದುವೆಯ ಭರವಸೆಯನ್ನು ಯಾರೂ ಕೊಟ್ಟದ್ದಿಲ್ಲ ಎಂಬ ಸಂಕಟ ಬೇರೆ. ಅವಳಿಗೆ ಏದುಸಿರು ಬಂತು, ಮಂಚದ ಅಂಚಿನಲ್ಲಿ ಕುಸಿದು ಕೂತಳು.

ಬಾಗಿಲಲ್ಲಿ ನೆವೇನಾ ನಿಂತಿದ್ದಳು. ಮುಚ್ಚಳಗಳ ಚೀಲವನ್ನು ಅಲ್ಲೇ ಹಾಕಿ ಓಡಿ ಬಂದಳು.

“ಏನ್ಮಾಡ್ತಿದೀರಮ್ಮಾ ನನ್ ಮಗೂಗೆ?”

“ನೀನೇನ್ ಮಾಡ್ತಿದೀಯ ನನಗೆ, ಅದನ್ನ ಹೇಳು ಮೊದ್ಲು!” ವಿದೊಸಾವಾ ಸಿಡಿದಳು. “ದಾರೀಲಿ ಹೋಗೋ ಬಾಯ್ಲರಿನವನಿಗೆ ಉಂಟು, ನನಗಿಲ್ಲ. ದಿನಾ ನೋಡ್ತಿದೀನಿ ನಿನ್ನ ಬಟ್ಟೆ ಆಟನ. ನಾನು ಸಾಯ್ಲಿ ಅಂತ ತಾನೆ?”

ನೆವೇನಾ ಕೂಸಿನ ಕಾಲು ಒರೆಸಿದಳು, ಬೆನ್ನು ಒರೆಸಿದಳು, ಹೊಸ ಡೈಪರ್ ಕಟ್ಟಿದಳು. ಆಮೇಲೆ ಅತ್ತೆಯ ಗಲ್ಲವನ್ನೂ ಒರೆಸಿದಳು.

“ನಮ್ಮಮ್ಮನ ಮೇಲೆ ಅಕ್ಕನ ಮಗ ಹೊಯ್ದಿದ್ದ,” ಎಂದಳು. “ಎಲ್ರೂ ಚಪ್ಪಾಳೆ ತಟ್ಟಿದ್ವಿ. ನಾನೇ ಜಾಸ್ತಿ ತಟ್ಟಿದ್ದು. ಅವಳಿಗೂ ಎದೆ ಆಪರೇಷನ್ ಇತ್ತು. ‘ನಾನು ಹೇಗೂ ಮದುವೇಲಿ ಕುಣಿಯೋಳು, ನನಗ್ಯಾಕೆ ಡಾಕ್ಟ್ರು’ ಅಂತ ಹೋಗಲೇ ಇಲ್ಲ. ಆ ಚಳಿಗಾಲ ಕೂಡ ದಾಟಲಿಲ್ಲಮ್ಮಾ.”

ಅವಳ ಅಮ್ಮ ಎದೆನೋವಿನಿಂದ ಹೋದದ್ದು ವಿದೊಸಾವಾಗೆ ಗೊತ್ತಿತ್ತು. ಈ ಕಥೆ ಗೊತ್ತಿರಲಿಲ್ಲ, ತಾನಾಗಿ ವಿಚಾರಿಸಿಯೂ ಇರಲಿಲ್ಲ.

“ನಿಮಗೆ ಆಪರೇಷನ್ ಅಂತ ಗೊತ್ತಾದಾಗಿಂದ ಬಟ್ಟೆ ಹಿಡೀತಿದೀನಿ. ನೀವೂ ಹಾಗೇ ಅಂದ್ಕೊಂಡಿದೀರಿ ಅಲ್ವಾ? ನಿಜ ಹೇಳಿ.”

ವಿದೊಸಾವಾ ಕಿಟಕಿಯಾಚೆ ನೋಡಿದಳು.

ನೆವೇನಾಗೆ ಉತ್ತರ ಸಿಕ್ಕಿತು. ಅವಳು ಮಗುವನ್ನೆತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಸತ್ತ ತಾಯಿಗಾಗಿ ಅಳುತ್ತಿದ್ದಾಳೋ ಬದುಕಿರುವ ಅತ್ತೆಗಾಗಿಯೋ ಎಂದು ವಿದೊಸಾವಾಗೆ ತಿಳಿಯಲಿಲ್ಲ. ಬದುಕಿನಲ್ಲಿ ಮೊದಲ ಸಲ ಒಬ್ಬರ ಮುಖ ನೋಡಿ ಅವಳಿಗೆ ನಾಚಿಕೆಯಾಯಿತು.

“ಏಳೇ, ನೆಲ ತಣ್ಣಗಿದೆ,” ಎಂದಳು. “ಹೋಗ್ತೀನಿ ಕಣೇ ನೀಶ್‌ಗೆ. ಹೋಗ್ತೀನಿ.”

ನೆವೇನಾ ಅದನ್ನು ಪೂರ್ತಿ ನಂಬಲಿಲ್ಲ. ಈಗ ಅನುಮಾನ ಪಡುವ ಸರದಿ ಅವಳದಾಗಿತ್ತು. ಅತ್ತೆ ಕೂಸಿನ ಕೋಣೆಗೆ ಹೋದರೆ ಹಿಂದೆಯೇ ಬರುತ್ತಿದ್ದಳು.

ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ನೆವೇನಾ ದಾರಿಗೆ ಮೊಟ್ಟೆ ಬೇಯಿಸುತ್ತ ಅಡುಗೆಮನೆಯಲ್ಲಿದ್ದಳು. ಲಾಜರ್ ಅಳತೊಡಗಿದ. ವಿದೊಸಾವಾ ಬೇರೇನೂ ಯೋಚಿಸದೆ ಅವನ ಡೈಪರ್ ಬಿಚ್ಚಿದಳು. ಬಿಚ್ಚಿದ್ದೇ ತಡ, ಬೆಚ್ಚಗಿನ ಧಾರೆಯೊಂದು ಪ್ರಯಾಣಕ್ಕೆಂದು ತೊಟ್ಟ ಅವಳ ಬಿಳಿ ಅಂಗಿಯನ್ನು ಎದೆಯುದ್ದಕ್ಕೂ ತೋಯಿಸಿತು. ಅವಳ ಬಾಯಿ ತಾನಾಗಿ ತೆರೆಯಿತು. ಕಟ್ಟಡವೇ ಅದುರುವ ಹಾಗೆ ಕೂಗಬೇಕೆನಿಸಿತು.

“ಏನಾಯ್ತಮ್ಮಾ?” ಒಳಗಿನಿಂದ ನೆವೇನಾಳ ಗಾಬರಿಯ ದನಿ ಬಂತು.

“ಏನಾಗಿಲ್ಲ ಬಿಡೇ, ಮೊಟ್ಟೆ ನೋಡ್ಕೋ ನೀನು.”

ಕೂಸಿಗೆ ಒಣ ಡೈಪರ್ ಕಟ್ಟಿದಳು. ಬಾಗಿಲು ಸದ್ದಾಗದಂತೆ ಮುಂದೆ ಮಾಡಿ, ಒದ್ದೆ ಅಂಗಿ ಕಳಚಿ ಕೊಳೆಬಟ್ಟೆಯ ಅಡಿಗೆ ತುರುಕಿದಳು. ಬೀರುವಿನಿಂದ ಇನ್ನೊಂದು ತೆಗೆದು ತೊಟ್ಟು, ನೆವೇನಾ ಬರುವಷ್ಟರಲ್ಲಿ ಕೊರಳಿನವರೆಗೆ ಗುಂಡಿ ಹಾಕಿ ಮುಗಿಸಿ, ಆಸ್ಪತ್ರೆಯ ಚೀಲ ಹಿಡಿದು ನಿಂತಿದ್ದಳು.