ಹಾರ ಹಾಕುವ ಮೊದಲು

“ವಸಿ ತಡೀರಿ ಮೇಡಂ, ಹಾರ ಆಮೇಲೆ ಹಾಕೀರಂತೆ,” ಎನ್ನುತ್ತ ತಾಯಂದಿರ ಹಿಂದಿನ ಸಾಲಿನಿಂದ ಶಿವಮ್ಮ ಎದ್ದು ನಿಂತರು. ಹಾರ ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು.

ನಂಜನಗೂಡು ತಾಲ್ಲೂಕಿನ ನಮ್ಮ ಸರ್ಕಾರಿ ಶಾಲೆಯಲ್ಲಿ ಅಂದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಆಯ್ಕೆ. ಆಯ್ಕೆ ಹೆಸರಿಗಷ್ಟೇ. ಅಧ್ಯಕ್ಷರು ಯಾರೆಂಬುದು ಹಿಂದಿನ ಸಂಜೆಯೇ ಅರಳಿಕಟ್ಟೆಯಲ್ಲಿ ತೀರ್ಮಾನವಾಗಿ, ಬೆಳಿಗ್ಗೆ ಹಾರ ಬಂದಿರುತ್ತಿತ್ತು. ಹಳೆಯ ಅಧ್ಯಕ್ಷ ಮಾದೇವಣ್ಣ ಈ ಸಲವೂ ಕತ್ತು ಬಗ್ಗಿಸಿಕೊಂಡು ನಿಂತಿದ್ದರು.

“ಅಣ್ಣ, ನಿಮ್ ಮಕ್ಳು ದಿನಾ ಟೌನ್ ಸ್ಕೂಲ್ ವ್ಯಾನ್ ಹತ್ತಿ ಹೋಯ್ತವೆ. ಇಲ್ಲಿ ಮಕ್ಳ್ನ ಓದ್ಸೋರೇ ಅಲ್ವಾ ಅಧ್ಯಕ್ಷರಾಗ್ಬೇಕಾದ್ದು?” ಎಂದು ಶಿವಮ್ಮ ಕೇಳಿದರು.

ಎಲ್ಲರೂ ಮುಖ್ಯ ಶಿಕ್ಷಕರತ್ತ ತಿರುಗಿದರು. ಅವರು ಗಂಟಲು ಸರಿಮಾಡಿಕೊಂಡು, ನಿಯಮ ಇರುವುದೇ ಹಾಗೆ ಎಂದುಬಿಟ್ಟರು. ಮಾದೇವಣ್ಣ ಮೆಲ್ಲಗೆ ಕತ್ತೆತ್ತಿದರು. ಮತ್ತೆ ಯಾರು ಎಂದು ಮುಖ್ಯ ಶಿಕ್ಷಕರು ಕೇಳಿದಾಗ ತಾಯಂದಿರೆಲ್ಲ ಶಿವಮ್ಮನ ಹೆಸರು ಕೂಗಿ ಕೈ ಎತ್ತಿದರು. ಅವರನ್ನು ನೋಡಿ ಗಂಡಂದಿರೂ ಎತ್ತಿದರು. ಅದೇ ಹಾರವನ್ನು ಶಿವಮ್ಮನ ಕೊರಳಿಗೆ ಹಾಕಿದೆ. ಅಷ್ಟು ಜೋರು ಚಪ್ಪಾಳೆ ನಮ್ಮ ಶಾಲೆಯಲ್ಲಿ ನಾನು ಕೇಳಿರಲಿಲ್ಲ.

ಮುನಿಸಿಕೊಂಡು ಹೋದ ಮಾದೇವಣ್ಣ ಇನ್ನು ಶಾಲೆಯತ್ತ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆ. ಈ ಜೂನ್‌ನಲ್ಲಿ ಕಿರಿಮಗಳ ಕೈ ಹಿಡಿದು ಬಂದರು. “ಸೇರಿಸ್ಕಳಿ ಮೇಡಂ. ಮುಂದಿನ್ ಸಲ ಆ ಯಮ್ಮ ಅದೆಂಗ್ ತಡೀತದೋ ನೋಡ್ತೀನಿ,” ಎಂದರು.

ಹಟಕ್ಕಾದರೂ ಸರಿ, ಆ ಹುಡುಗಿ ಈಗ ನನ್ನ ತರಗತಿಯಲ್ಲಿದ್ದಾಳೆ. ಅವಳಪ್ಪ ಆಗಾಗ ಬಂದು ಬಿಸಿಯೂಟದ ಸಾಂಬಾರ್ ರುಚಿ ನೋಡಿ, ಬೇಳೆ ಸಾಲದೆಂದು ಜಗಳ ತೆಗೆಯುತ್ತಾರೆ. ಅಧ್ಯಕ್ಷರಾಗಿದ್ದಷ್ಟು ಕಾಲ ಅವರು ಅದನ್ನು ಮೂಸಿಯೂ ನೋಡಿರಲಿಲ್ಲ.