ಮಾವನ ಮಹಡಿಯ ಕಾಯಿ

ಕಡೂರಿನಲ್ಲಿ ಮನೆಗಳ ನಕ್ಷೆ ಬರೆದು, ಕಂಬಿ ಕಾಂಕ್ರೀಟಿನ ಲೆಕ್ಕ ಹಾಕಿಕೊಡುವುದು ನನ್ನ ಕಸುಬು. ಮಲಗುವ ಕೋಣೆಯ ನೆಲ ಇಷ್ಟು ಭಾರ ತಡೆಯಬೇಕು, ಉಗ್ರಾಣದ ನೆಲ ಅದಕ್ಕಿಂತ ಎಷ್ಟೋ ಹೆಚ್ಚು ತಡೆಯಬೇಕು ಎಂದು ಕಟ್ಟಡದ ನಿಯಮವೇ ಇದೆ. ಅದಕ್ಕೇ ಯಗಟಿಯ ಸೋದರಮಾವ ಮನೆ ಕಟ್ಟಿಸುವಾಗ, ಮಹಡಿಯಲ್ಲಿ ಏನಿಡುತ್ತೀರಿ ಎಂದು ಕೇಳಿ ಕೇಳಿ ಸಾಕಾಗಿತ್ತು.

"ಏನೂ ಇಡಲ್ಲ ಕಣೋ. ಮಲಗೋ ಕೋಣೆ, ಅಷ್ಟೇ" ಎಂದಿದ್ದರು.

ಮೊನ್ನೆ ಹೋಗಿ ಮಹಡಿ ಹತ್ತಿದರೆ ಮಂಚವೇ ಇಲ್ಲ. ಗೋಡೆಯಿಂದ ಗೋಡೆಗೆ, ನನ್ನ ಎದೆಮಟ್ಟಕ್ಕೆ ಸುಲಿಯದ ತೆಂಗಿನಕಾಯಿ! ಒಣಗಿ ಕೊಬ್ಬರಿಯಾಗಲೆಂದು ಒಟ್ಟಿದ್ದರು.

"ಏನೂ ಇಡಲ್ಲ ಅಂದಿದ್ರಲ್ಲ ಮಾವ?"

"ಏನಿಟ್ಟಿದೀನೋ? ಕಾಯಿ ಕಣೋ ಅದು. ಮನೆ ಅಂದ್ಮೇಲೆ ಮೇಲೆ ಕಾಯಿ ಇರಲ್ವೇನೋ?"

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನಿಸಿತು. ಈ ನೆಲ ಇಷ್ಟು ಹೊರುವುದಿಲ್ಲ, ಇವತ್ತೇ ಇಳಿಸಿ ಎಂದು ಕೂಗಾಡಿದೆ.

"ಒಣಗ್ತಾ ಒಣಗ್ತಾ ತಾವೇ ಹಗುರ ಆಗ್ತವೆ, ಬಿಡೋ."

"ಒಣಗೋಕೆ ವರ್ಷ ಬೇಕಲ್ಲ ಮಾವ!"

"ಅಷ್ಟೊತ್ತಿಗೆ ಹೊಸ ಕಾಯಿ ಬತ್ತವೆ."

ಅಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು. ಕೆಳಗಿಳಿದರೆ, ಸರಿಯಾಗಿ ಆ ಕೋಣೆಯ ಅಡಿಯಲ್ಲೇ ಎಲೆ ಹಾಕಿದ್ದಾರೆ. ತಲೆಯ ಮೇಲಿನ ಚಾವಣಿಯಲ್ಲಿ ಕೂದಲೆಳೆಯಂಥ ಬಿರುಕು. ನಾನು ಜಗಲಿಯಲ್ಲೇ ಉಣ್ಣುತ್ತೇನೆ ಎಂದೆ. ಮಾವನಿಗೆ ಸಿಟ್ಟು ನೆತ್ತಿಗೇರಿತು.

"ಲೇ, ನಿನ್ನ ಲೆಕ್ಕ ನಂಬ್ಕೊಂಡು ನಾವು ದಿನಾ ಇಲ್ಲೇ ಉಣ್ತೀವಿ. ನಿನಗೇ ನಂಬಿಕೆ ಇಲ್ವೇನೋ?"