ಸುಮತಿಬಾಯಿಯ ಷೋಕೇಸು

ಕಳೆದ ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ಸ್ಥಳ: ಡೊಂಬಿವಲಿ, ಸುಮತಿಬಾಯಿಯ ಫ್ಲಾಟು. ಹಾಜರಿದ್ದವರು: ನಾನು, ಹೋಟೆಲಿನ ಶೆಟ್ಟರು, ಬೀಗದ ಕೈ ತಂದಿದ್ದ ಸುಮತಿಬಾಯಿಯ ತಮ್ಮನ ಮಗ. ನಮ್ಮ ಕನ್ನಡ ಸಂಘದ ಫೆಲೋಶಿಪ್ಪಿನ ಹುಡುಗಿ ರೂಪಾ ಕಲ್ಯಾಣದಿಂದ ಬರಬೇಕಿತ್ತು. ಹಳಿ ರಿಪೇರಿಗೆಂದು ಭಾನುವಾರದ ಬ್ಲಾಕ್ ಇದ್ದುದರಿಂದ ಲೋಕಲ್ ರೈಲು ತಡ. ಕೆಲಸ: ಷೋಕೇಸು ಖಾಲಿ ಮಾಡಿ ಸಂಘದ ಕಚೇರಿಗೆ ಸಾಗಿಸುವುದು.

ಬೇರೆ ಮನೆಗಳ ಷೋಕೇಸಿನಲ್ಲಿ ಗಣಪತಿ, ತಾಜಮಹಲು, ಮಕ್ಕಳು ಗೆದ್ದ ಕಪ್ಪುಗಳು ಇರುತ್ತವೆ. ಇದರಲ್ಲಿದ್ದದ್ದು ಬಿರುಕು ಬಿಟ್ಟ ಗಾಜಿನ ಪಟ್ಟಿ, ಸುರುಟಿಕೊಂಡು ಸತ್ತ ಭತ್ತದ ಸಸಿ, ಸುಟ್ಟು ಕರಕಲಾದ ಸರ್ಕಿಟ್, ಬೂಷ್ಟು ಹಿಡಿದ ಒಂದು ತಟ್ಟೆ. ಪ್ರತಿಯೊಂದರ ಕೆಳಗೂ ಒಂದು ಚೀಟಿ: ಯಾರದು, ಏನು ಕೆಟ್ಟಿತು.

“ಕಾಕಾ, ಯೇ ಸಬ್ ಕಚರಾ ಹೈ ಕ್ಯಾ?” ಎಂದ ತಮ್ಮನ ಮಗ.

“ಕಚರಾ ಎಂಥದು ಮಾರಾಯ! ನಿನ್ನ ಅತ್ತೆಯ ಆಸ್ತಿ ಇದು,” ಎಂದರು ಶೆಟ್ಟರು.

ಸುಮತಿಬಾಯಿ ಧಾರವಾಡದ ಕಡೆಯವರು. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೀಟನ್ನೂ ಪಡೆದಿದ್ದರು. ಸ್ಟೈಪೆಂಡ್ ಬರಲಿಲ್ಲ; ಕಾಯುವ ಅನುಕೂಲ ಮನೆಯಲ್ಲಿರಲಿಲ್ಲ. ಮಹಾಪೆಯ ಔಷಧ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗ ಸೇರಿದವರು ಅಲ್ಲಿಯೇ ನಿವೃತ್ತರಾದರು. ಆಮೇಲೆ ತಮ್ಮ ಉಳಿತಾಯವನ್ನು ನಮ್ಮ ಕನ್ನಡ ಸಂಘಕ್ಕೆ ಕೊಟ್ಟು, ಯೂನಿವರ್ಸಿಟಿಯಲ್ಲಿ ಆಗತಾನೆ ಸ್ವಂತ ಸಂಶೋಧನೆ ಶುರುಮಾಡಿದ ಹುಡುಗ ಹುಡುಗಿಯರಿಗೆ ಎರಡು ವರ್ಷದ ಫೆಲೋಶಿಪ್ ಇಡಿಸಿದರು. ಶೆಟ್ಟರೂ ಕೈಜೋಡಿಸಿದರು. ಠಾಣೆಯಲ್ಲಿ ಹೆಡ್‌ಮಾಸ್ತರನಾಗಿದ್ದ ನನಗೆ ಶಾಲೆಯ ಗಂಟೆ ಇನ್ನೂ ಕಿವಿಯಲ್ಲಿ ಹೊಡೆಯುತ್ತಿದೆಯೆಂದು ಕಾರ್ಯದರ್ಶಿ ಕೆಲಸ ಕೊಟ್ಟರು.

“ಭಾಳ ಮಂದಿ ನಡುವಿನ ಸ್ಟೇಷನ್ನಿನ್ಯಾಗ ಇಳದಬಿಡತಾರ್ರೀ ಸರ. ನಾನೂ ಅಲ್ಲೇ ಇಳದಾಕಿ,” ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಕೊರಗು ಇರುತ್ತಿರಲಿಲ್ಲ.

ಅವರು ಯಾರಿಂದಲೂ ವರದಿ ಕೇಳಲಿಲ್ಲ. ಹತ್ತಿಯ ಸೀರೆ, ಕ್ಯಾನ್ವಾಸ್ ಬೂಟು, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಹೇಳದೆ ಕೇಳದೆ ಲ್ಯಾಬಿನ ಬಾಗಿಲಲ್ಲಿ ನಿಲ್ಲುವರು. ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಈ ವಾರ ಏನ್ ಕೆಟ್ಟತು?” ಹೊರಡುವಾಗ ಒಂದೇ ಮಾತು: “ಖಾಲಿ ಡಬ್ಬಿ ತರಬ್ಯಾಡ. ಕೆಟ್ಟದ್ದನ್ನ ಹಾಕ್ಕೊಂಡು ಬಾ.”

ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ನಮ್ಮೆಲ್ಲರ ಮನೆಗಳ ಪದ್ಧತಿ. ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಖಾರಘರದ ಒಬ್ಬ ಭೌತಶಾಸ್ತ್ರದ ಹುಡುಗ ಹಾಗೆಯೇ ಡಬ್ಬಿಯನ್ನು ಫಳಫಳ ತೊಳೆದು ಪೇಢೆ ತುಂಬಿಸಿ ತಂದ. ಎಲ್ಲವೂ ಚೆನ್ನಾಗಿ ನಡೆಯುತ್ತಿದೆ, ಏನೂ ಕೆಟ್ಟಿಲ್ಲವೆಂದ.

“ಪೇಢಾ ಅಂಗಡ್ಯಾಗ ಸಿಗತಾವ. ಏನೂ ಕೆಟ್ಟಿಲ್ಲ ಅಂದ್ರ ನೀ ಏನೂ ಮಾಡಿಲ್ಲ,” ಎಂದು ಡಬ್ಬಿಯನ್ನು ಅವನ ಕೈಗೇ ಕೊಟ್ಟರು. ಮುಂದಿನ ತಿಂಗಳು ಅವನು ತಂದದ್ದೇ ಆ ಸುಟ್ಟ ಸರ್ಕಿಟ್. ಅದನ್ನು ಕಂಡು ಅವರಿಗಾದ ಸಂತೋಷ ಬೇರೆಯವರಿಗೆ ಮೊಮ್ಮಗನ ಫಸ್ಟ್ ಕ್ಲಾಸಿಗೂ ಆಗಲಿಕ್ಕಿಲ್ಲ.

ರೂಪಾಳ ವಿಷಯ ಇಷ್ಟು ಹಗುರಾಗಿರಲಿಲ್ಲ. ಕಾರ್ಖಾನೆಗಳಿಂದ ಬರುವ ಬಣ್ಣದ ನೀರನ್ನು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ತಿಳಿಯಾಗಿಸುತ್ತವೆಂದು ತೋರಿಸುವುದು ಅವಳ ಕೆಲಸ. ಮೊದಲ ವರ್ಷದ ಕೊನೆಗೆ ನಮ್ಮ ಮೂವರ ಸಮಿತಿಯ ಮುಂದೆ ಬಂದಳು. ಡಬ್ಬಿ ತೆರೆದು ಎರಡು ಗಾಜಿನ ನಳಿಕೆಗಳನ್ನು ಮೇಜಿನ ಮೇಲಿಟ್ಟಳು. ಒಂದರಲ್ಲಿ ಹಸಿ ಕೆಸರು. ಇನ್ನೊಂದರಲ್ಲಿ ಜೀವಿಗಳೆಲ್ಲ ಸಾಯುವಂತೆ ಕುದಿಸಿದ ಕೆಸರು. ಎರಡರ ನೀರೂ ತಿಳಿಯಾಗಿತ್ತು.

“ಮೇಡಮ್, ದೋನೋ ಸಾಫ್ ಹೋ ಗಯೇ,” ಎಂದಳು. ಕಲ್ಯಾಣದಲ್ಲಿ ಹುಟ್ಟಿದವಳು, ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಹಾಗಾದರೆ ಇದು ಜೀವಿಗಳ ಕೆಲಸವೇ ಅಲ್ಲ, ತಾನು ವರ್ಷವಿಡೀ ಹೇಳಿದ್ದು ತಪ್ಪು ಎಂದಳು. ಅಪ್ಪ ಅವಳಿಗೊಂದು ಕಂಪನಿಯಲ್ಲಿ ನೌಕರಿ ಗೊತ್ತುಮಾಡಿದ್ದರು. ಫೆಲೋಶಿಪ್ ನಿಂತರೆ ಸೋಮವಾರವೇ ಸೇರಬೇಕು. ಸೇರಿದರೆ ಸಂಶೋಧನೆ ಅಲ್ಲಿಗೆ ಮುಗಿಯಿತು.

ನಾನು ನಿಯಮ ಓದಿದೆ: ಮೊದಲ ವರ್ಷದ ಉದ್ದೇಶ ಈಡೇರಿದವರಿಗೆ ಮಾತ್ರ ಎರಡನೆಯ ವರ್ಷ.

ಶೆಟ್ಟರು ತಲೆಯಾಡಿಸಿದರು. “ಪಾಪದ ಹುಡುಗಿ. ಆದ್ರೆ ಒಂದು ವರ್ಷ ಕೆಸರು ಕಲಡಿ ಕಡೆಗೆ ಇಲ್ಲ ಅಂದ್ರೆ ಎಂತ ಮಾಡುದು, ಬಾಯಿಯವ್ರೇ?”

ಸುಮತಿಬಾಯಿ ಅವರ ಕಡೆ ನೋಡಲಿಲ್ಲ. “ರೂಪಾ, ಕುದಿಸಿದ ಕೆಸರೂ ಇಟ್ಟು ನೋಡು ಅಂತ ನಿನಗ ಯಾರ್ ಹೇಳಿದ್ರು?”

“ಕಿಸೀನೇ ನಹೀ. ಮುಝೇ ಹೀ ಡೌಟ್ ಥಾ.”

“ಕೇಳಿದ್ರೇನು? ತನ್ನ ಮ್ಯಾಲೆ ತಾನ ಡೌಟ್ ಪಟ್ಟಾಳ. ಶೆಟ್ಟರ, ಸಾಂಬಾರ ಹಳಸೇತಿ ಅಂತ ಗಿರಾಕಿ ಬರೋಕಿಂತ ಮೊದಲ ತಾನಾಗಿ ಬಂದು ಹೇಳೋ ಅಡಗೀಯವನ್ನ ನೀವು ಕೆಲಸದಿಂದ ತಗೀತೀರೇನು?”

ಶೆಟ್ಟರು ಜೋರಾಗಿ ನಕ್ಕರು. “ಅಂಥವ ಸಿಕ್ಕಿದ್ರೆ ಡಬಲ್ ಸಂಬಳ ಕೊಟ್ಟು ಇಟ್ಕೊಳ್ತೇನೆ ಮಾರಾಯ್ರೆ!”

“ಸರ, ಆ ನಿಯಮ ಹೊಡದ ಹಾಕ್ರಿ,” ಎಂದರು ಸುಮತಿಬಾಯಿ ನನಗೆ. ನಿಯಮ ಬದಲಿಸಲು ನಿಯಮ ಪ್ರಕಾರ ಮೂವರ ಒಪ್ಪಿಗೆ ಬೇಕು. ಮೂವರೂ ಇದ್ದೆವು. ಹೊಡೆದುಹಾಕಿದೆ. ರೂಪಾ ಸೋಮವಾರ ಲ್ಯಾಬಿಗೇ ಹೋದಳು. ಕೆಸರು ಆ ಕೆಲಸವನ್ನು ಹೇಗೆ ಮಾಡುತ್ತದೆಂದು ಇವತ್ತಿಗೂ ಹುಡುಕುತ್ತಿದ್ದಾಳೆ.

ಸುಮತಿಬಾಯಿ ಕೊನೆಯ ಸಲ ತಾವಾಗಿ ಮನೆಯಿಂದ ಹೊರಬಿದ್ದದ್ದೂ ಅವಳ ಲ್ಯಾಬಿಗೇ. ಡಬ್ಬಿ ಕೊಟ್ಟು ಬಂದರು. ಆ ವಾರವೇ ಎದೆನೋವು. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ಹತ್ತೂವರೆಗೆ ರೂಪಾ ಬಂದಳು. ಏದುಸಿರು ಬಿಡುತ್ತಿದ್ದಳು. ಷೋಕೇಸಿನ ಸಾಮಾನುಗಳನ್ನು ಆಗಲೇ ಪೇಪರಿನಲ್ಲಿ ಸುತ್ತಿಟ್ಟಿದ್ದೆವು. ಅವಳ ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ. ಯಾರಿಗೆ ಕೊಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಳು.

ನಾನು ಕೈ ಚಾಚಿದೆ. ಡಬ್ಬಿಯೊಳಗೆ ಹರಿದ ಸೋಸುಕಾಗದವೊಂದಿತ್ತು, ಕೆಸರು ಮೆತ್ತಿಕೊಂಡು ಒಣಗಿತ್ತು.

“ಏನು ಕೆಟ್ಟಿತಮ್ಮ?” ಎಂದು ಕೇಳಿದೆ.

“ಫಿಲ್ಟರ್ ಹರೀತ್ರೀ ಸರ. ವಾರ ಪೂರಾ ಹೋತು,” ಎಂದಳು. ಹಿಂದಿಯಲ್ಲಲ್ಲ, ಸುಮತಿಬಾಯಿಯ ಧಾರವಾಡದ ಕನ್ನಡದಲ್ಲಿ. “ಆದ್ರ ಯಾಕ ಹರೀತು ಅಂತ ಗೊತ್ತಾತ್ರೀ.” ಆಮೇಲೆ ಕಿಟಕಿಯ ಕಡೆ ತಿರುಗಿದಳು.

ನಾನು ಸೋಸುಕಾಗದವನ್ನು ಹೊರಗೆ ತೆಗೆದಿಟ್ಟೆ. ಶೆಟ್ಟರು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ನಲ್ಲಿಯ ಕೆಳಗೆ ತೊಳೆದರು. ಹೋಟೆಲಿನಿಂದ ತಂದ ಪೊಟ್ಟಣ ಬಿಚ್ಚಿ, ಬನ್ಸ್ ತುಂಬಿ ಮುಚ್ಚಳ ಒತ್ತಿದರು. “ಹೋಳಿಗೆ ನಮ್ಮ ಭಟ್ಟನಿಗೆ ಬರುದಿಲ್ಲ ಮಗಾ. ಇದನ್ನು ತಿನ್ನು. ಡಬ್ಬಿ ಖಾಲಿ ತಂದ್ರೆ ಒಳಗೆ ಬಿಡುದಿಲ್ಲ, ಹಾಂ?”

ಷೋಕೇಸು ಟೆಂಪೋದಲ್ಲಿ ಸಂಘದ ಕಚೇರಿಗೆ ಹೋಯಿತು. ಮಧ್ಯಾಹ್ನದೊಳಗೆ ಎಲ್ಲವನ್ನೂ ಹಿಂದಿದ್ದ ಕ್ರಮದಲ್ಲೇ ಜೋಡಿಸಿದೆವು. ಇಷ್ಟು ವರ್ಷ ಚೀಟಿಗಳನ್ನು ಬರೆಯುತ್ತಿದ್ದವರು ಸುಮತಿಬಾಯಿ. ಕೊನೆಯದನ್ನು ನಾನು ಬರೆದೆ: ರೂಪಾ. ಸೋಸುಕಾಗದ ಹರಿಯಿತು. ಕಾರಣ ತಿಳಿಯಿತು. ಅಂಟು ಹಚ್ಚಿ, ಒಣಗುವವರೆಗೆ ಬೆರಳಿನಿಂದ ಒತ್ತಿ ಹಿಡಿದು, ಗಾಜಿನ ಬಾಗಿಲು ಎಳೆದೆ.